ಅಳಿವೆಗೆ ತಲುಪುವುದು ಹಳೆಯ ಸುದ್ದಿ

1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಎಂಬ ಅಳಿವೆಯ, ಅಂದರೆ ಹೊಳೆಯ ಸಿಹಿನೀರು ಕಡಲ ಉಪ್ಪುನೀರಿಗೆ ಸೇರುವ ಜಾಗದ, ನೀರು ಇದ್ದಕ್ಕಿದ್ದಂತೆ ತಿಳಿಯಾಯಿತು. ನೀರಿನಲ್ಲಿ ತೇಲುವ ಮಣ್ಣಿನ ಪ್ರಮಾಣ ಮೊದಲಿದ್ದುದಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು, ಆ ಕುಸಿತ ಹಾಗೆಯೇ ಉಳಿಯಿತು. ಆ ವರ್ಷ ಕೊಲ್ಲಿಯಲ್ಲಿ ಅದಕ್ಕೆ ಕಾರಣವಾಗುವಂಥದ್ದೇನೂ ನಡೆದಿರಲಿಲ್ಲ. ಹುಡುಕುತ್ತ ಹೋದವರು ಹೋಗಿ ನಿಂತದ್ದು 1850ರ ದಶಕದಲ್ಲಿ.

ಕೊಲ್ಲಿಗೆ ನೀರು ಕೊಡುವ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಚಿನ್ನದ ಆಸೆಗೆ ಬಂದವರು 1853ರಿಂದ ಒಂದು ಹೊಸ ಉಪಾಯ ಹಿಡಿದಿದ್ದರು. ಎತ್ತರದಿಂದ ಕೊಳವೆಯಲ್ಲಿ ತಂದ ನೀರನ್ನು ಭಾರೀ ರಭಸದಲ್ಲಿ ಗುಡ್ಡಕ್ಕೆ ಹಾಯಿಸಿ, ಗುಡ್ಡವನ್ನೇ ಕರಗಿಸಿ, ಕೆಸರಿನಿಂದ ಚಿನ್ನ ಹೆಕ್ಕುವುದು. ಉಳಿದ ಮಣ್ಣು, ಕಲ್ಲು ಎಲ್ಲ ಹೊಳೆಗೆ. ಕೆಳಗಿನ ಬಯಲಿನಲ್ಲಿ ಹೊಳೆಯ ಪಾತ್ರ ತುಂಬಿ, ನೆರೆ ಉಕ್ಕಿ, ಹೊಲಗಳು ಹೂಳಿನಡಿ ಹುಗಿದುಹೋದವು. ರೈತರು ಕೋರ್ಟಿಗೆ ಹೋದರು. 1884ರಲ್ಲಿ ಬಂದ ತೀರ್ಪು ಆ ಬಗೆಯ ಗಣಿಗಾರಿಕೆಗೆ ಬಹುಮಟ್ಟಿಗೆ ಕೊನೆ ಹಾಡಿತು.

ಗಣಿ ನಿಂತಿತು, ಮಣ್ಣು ನಿಲ್ಲಲಿಲ್ಲ. ಅದು ಹೊಳೆಯ ತಳದಲ್ಲಿ ಕೂತು, ಒಂದೊಂದು ನೆರೆಗೂ ಒಂದಿಷ್ಟು ಮುಂದೆ ಜರುಗಿ, ಕೊಲ್ಲಿಯ ತಳ ಸೇರಿ, ಅಲೆ ಮತ್ತು ಉಬ್ಬರವಿಳಿತ ಕಲಕಿದಾಗಲೆಲ್ಲ ಮೇಲೆದ್ದು ನೀರನ್ನು ಬಗ್ಗಡ ಮಾಡುತ್ತಿತ್ತು. ಮೇಲಿನಿಂದ ಬರುವ ಹೊಸ ಮಣ್ಣನ್ನು ಅಣೆಕಟ್ಟುಗಳು ತಡೆದ ಮೇಲೂ ಈ ಹಳೆಯ ದಾಸ್ತಾನು ಕೊಲ್ಲಿಯನ್ನು ರಾಡಿಯಾಗಿಯೇ ಇಟ್ಟಿತ್ತು. ಅದು ಕರಗಿ ಮುಗಿದದ್ದು ತೀರ್ಪು ಬಂದ 115 ವರ್ಷಕ್ಕೆ.

ನೆಲಕ್ಕೂ ಅಳಿವೆಗೂ ಇರುವ ನಂಟನ್ನು ಹೇಳಬೇಕಾದಾಗ ನಾನು ಈ ಕಥೆಯಿಂದಲೇ ಶುರು ಮಾಡುತ್ತೇನೆ. ಮೇಲೆ ಕೊಳೆ ಹಾಕಿದರೆ ಕೆಳಗೆ ಕೊಳೆಯಾಗುತ್ತದೆ ಎನ್ನುವುದು ಯಾರಿಗಾದರೂ ಗೊತ್ತು. ಅರ್ಥವಾಗಲು ಕಷ್ಟವಾಗುವುದು ಬೇರೆ ಸಂಗತಿ: ಮಣ್ಣು, ಗೊಬ್ಬರ, ಎಣ್ಣೆ, ರಾಸಾಯನಿಕ ಇವು ಒಂದೇ ದಾರಿಯಲ್ಲಿ ಬರುವುದಿಲ್ಲ, ಒಂದೇ ವೇಗದಲ್ಲೂ ಬರುವುದಿಲ್ಲ. ಅಳಿವೆಯ ಒಂದು ಬಾಟಲಿ ನೀರಿನಲ್ಲಿ ನಿನ್ನೆಯ ಮಳೆಯೂ ಇರುತ್ತದೆ, ಅಜ್ಜನ ಕಾಲದ ಬೇಸಾಯವೂ ಇರುತ್ತದೆ.

ಕಾಡು ಕಡಿದು ಮರವನ್ನು ಅಲ್ಲೇ ಬಿಟ್ಟಾಗ

ಜಲಾನಯನ ಪ್ರದೇಶ ಎಂದರೆ ಒಂದು ಹೊಳೆಗೆ ನೀರು ಕೊಡುವ ಅಷ್ಟೂ ನೆಲ. ಬೆಟ್ಟದ ನೆತ್ತಿಯ ಈಚೆ ಬಿದ್ದ ಹನಿ ಒಂದು ಹೊಳೆಯ ಪಾಲು, ಆಚೆ ಬಿದ್ದದ್ದು ಇನ್ನೊಂದರ ಪಾಲು; ಆ ನೆತ್ತಿಯ ಗೆರೆಯೇ ಎಲ್ಲೆ. ಜಿಲ್ಲೆ, ರಾಜ್ಯ, ದೇಶಗಳ ಗಡಿಗೂ ಈ ಎಲ್ಲೆಗೂ ಸಂಬಂಧವಿಲ್ಲ. ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿ ದೊಡ್ಡದೊಂದು ಅಳಿವೆ. ಉದ್ದ ಸುಮಾರು 320 ಕಿಲೋಮೀಟರ್, ಸರಾಸರಿ ಆಳ ಮಾತ್ರ ಆರೂವರೆ ಮೀಟರ್. ಅದಕ್ಕೆ ನೀರು ಬಸಿಯುವ ನೆಲ ಸುಮಾರು 1,66,000 ಚದರ ಕಿಲೋಮೀಟರ್, ಆರು ರಾಜ್ಯಗಳಲ್ಲಿ ಹಬ್ಬಿದೆ. ಒಂದು ಪಾಲು ನೀರಿಗೆ 14 ಪಾಲು ನೆಲ. ಇಷ್ಟು ತೆಳುವಾದ ತಟ್ಟೆಗೆ ಅಷ್ಟು ದೊಡ್ಡ ಚಾವಣಿಯ ನೀರು ಬಂದು ಬೀಳುತ್ತದೆ ಎಂದರೆ, ಚಾವಣಿಯ ಮೇಲೆ ಏನಿದೆ ಎನ್ನುವುದೇ ತಟ್ಟೆಯ ಹಣೆಬರಹ.

ಆ ಚಾವಣಿ ಕಾಡಾಗಿದ್ದರೆ ಏನಾಗುತ್ತದೆ, ಕಾಡಿಲ್ಲದಿದ್ದರೆ ಏನಾಗುತ್ತದೆ? ಇದನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೊಂದಿದೆ. 1965ರ ಕೊನೆಯಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹಬ್ಬರ್ಡ್ ಬ್ರೂಕ್‌ನಲ್ಲಿ, ಪರಿಸರ ವಿಜ್ಞಾನಿಗಳಾದ ಜೀನ್ ಲೈಕೆನ್ಸ್, ಹರ್ಬರ್ಟ್ ಬೋರ್ಮನ್ ಮತ್ತು ಸಂಗಡಿಗರು ಸುಮಾರು 15 ಹೆಕ್ಟೇರಿನ ಪುಟ್ಟ ಕಣಿವೆಯೊಂದರ ಮರಗಳನ್ನೆಲ್ಲ ಕಡಿಸಿದರು. ಒಂದು ದಿಮ್ಮಿಯನ್ನೂ ಹೊರಗೆ ಸಾಗಿಸಲಿಲ್ಲ, ದಾರಿ ಮಾಡಲಿಲ್ಲ, ನೆಲ ಉಳಲಿಲ್ಲ. ಮತ್ತೆ ಚಿಗುರದಂತೆ ಕಳೆನಾಶಕ ಹೊಡೆದರು, ಅಷ್ಟೇ. ಪಕ್ಕದ ಕಣಿವೆಯನ್ನು ಮುಟ್ಟದೆ ಹೋಲಿಕೆಗೆ ಇಟ್ಟುಕೊಂಡರು.

ಮೊದಲ ವರ್ಷವೇ ಹಳ್ಳದಲ್ಲಿ ಹರಿಯುವ ನೀರು ಸುಮಾರು 40 ಪ್ರತಿಶತ ಹೆಚ್ಚಿತು. ಮರಗಳು ಹೀರಿ ಗಾಳಿಗೆ ಬಿಡುತ್ತಿದ್ದ ನೀರು ಈಗ ಹಳ್ಳಕ್ಕೇ ಬರುತ್ತಿತ್ತು, ಇದು ಊಹಿಸಿದ್ದೇ. ಊಹೆ ಮೀರಿದ್ದು ನೈಟ್ರೇಟ್, ಅಂದರೆ ನೀರಿನಲ್ಲಿ ಕರಗುವ, ಗಿಡಗಳು ಉಣ್ಣುವ ಸಾರಜನಕದ ಒಂದು ರೂಪ. ಕಾಡಿದ್ದಾಗಿನ ಮಟ್ಟಕ್ಕೆ ಹೋಲಿಸಿದರೆ ಮೊದಲ ವರ್ಷ 41 ಪಟ್ಟು, ಎರಡನೇ ವರ್ಷ 56 ಪಟ್ಟು. ಯಾರೂ ಒಂದು ಹಿಡಿ ಗೊಬ್ಬರ ಹಾಕಿರದ ಆ ಕಣಿವೆಯ ನೀರು ಕುಡಿಯುವ ನೀರಿನ ಮಿತಿಯನ್ನು ದಾಟಿತು, ಬೇಸಿಗೆಯಲ್ಲಿ ಹಳ್ಳದ ತುಂಬ ಪಾಚಿ ಕಟ್ಟಿತು.

ಇದು ಹೇಗೆ? ಕಾಡಿನ ನೆಲದಲ್ಲಿ ತರಗೆಲೆ ಕೊಳೆಯುತ್ತಲೇ ಇರುತ್ತದೆ, ಅದರಿಂದ ಸಾರಜನಕ ಬಿಡುಗಡೆಯಾಗುತ್ತಲೇ ಇರುತ್ತದೆ. ಬೇರುಗಳು ಅದನ್ನು ಹುಟ್ಟಿದ ಕೂಡಲೇ ಕಸಿದುಕೊಳ್ಳುತ್ತವೆ. ಬೇರು ಸತ್ತರೂ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬಿಡುವಿಲ್ಲ. ಕಸಿಯುವವರಿಲ್ಲದ ಸಾರಜನಕವನ್ನು ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಬದಲಿಸುತ್ತವೆ. ಜೇಡಿಕಣಗಳ ಮೇಲೆ ಋಣ ವಿದ್ಯುದಂಶವಿದೆ, ನೈಟ್ರೇಟಿಗೂ ಅದೇ ಇದೆ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಹೀಗಾಗಿ ಮಣ್ಣು ಅದನ್ನು ಹಿಡಿದಿಡಲಾರದು, ಇಳಿಯುವ ನೀರಿನೊಂದಿಗೆ ಅದು ಹೊರಟುಹೋಗುತ್ತದೆ.

ಕಾಡನ್ನು ಸೋಸುವ ಜರಡಿ ಎಂದು ವರ್ಣಿಸುವುದುಂಟು. ನನಗೆ ಆ ಮಾತು ಅಷ್ಟು ಸರಿಯೆನಿಸುವುದಿಲ್ಲ. ಜರಡಿ ಸುಮ್ಮನೆ ಇರುತ್ತದೆ. ಕಾಡು ಉಣ್ಣುತ್ತಿರುತ್ತದೆ.

ದಾರಿ ಬೇರೆ, ಗಡಿಯಾರ ಬೇರೆ

ಕಾಡಿನ ಜಾಗಕ್ಕೆ ಹೊಲ ಬಂದಿತೆನ್ನಿ. ಬೆಳೆಯೂ ಉಣ್ಣುತ್ತದೆ, ಆದರೆ ವರ್ಷದ ಕೆಲವೇ ತಿಂಗಳು. ಉಳಿದ ಸಮಯ ನೆಲ ಬರಿದು. ಬರಿಯ ಮಣ್ಣಿನ ಮೇಲೆ ದಪ್ಪ ಹನಿ ಬಿದ್ದರೆ ಹೆಂಟೆ ಒಡೆದು ನುಣ್ಣನೆಯ ಕಣಗಳು ಸಿಡಿಯುತ್ತವೆ, ಅವು ಮಣ್ಣಿನ ರಂಧ್ರಗಳಲ್ಲಿ ಕೂತು ಮೇಲ್ಮೈಯನ್ನು ಗಾರೆಯಂತೆ ಮುಚ್ಚುತ್ತವೆ. ಇಂಗಬೇಕಾದ ನೀರು ಇಳಿಜಾರಿನಲ್ಲಿ ಓಡತೊಡಗುತ್ತದೆ, ಓಡುವಾಗ ಮಣ್ಣನ್ನು ಹೊತ್ತೊಯ್ಯುತ್ತದೆ. ಗೊಬ್ಬರದ ಇನ್ನೊಂದು ಅಂಶವಾದ ರಂಜಕ (ಫಾಸ್ಫರಸ್) ಪ್ರಯಾಣ ಮಾಡುವುದು ಬಹುಪಾಲು ಈ ಮಣ್ಣಿನ ಬೆನ್ನೇರಿ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಇರುವ ಕಣಗಳಿಗೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ರಂಜಕದ ಲೆಕ್ಕ ದಿನವಹಿ ನಡೆಯುವಂಥದ್ದಲ್ಲ. ವರ್ಷದ ನಾಲ್ಕೈದು ದೊಡ್ಡ ಮಳೆಗಳಲ್ಲಿ ಹೊಳೆ ಕೆಂಪಾಗಿ ಹರಿದಾಗಲೇ ಅದರ ದೊಡ್ಡ ಪಾಲು ಹೋಗಿಬಿಡುತ್ತದೆ. ತಿಂಗಳಿಗೊಮ್ಮೆ, ಬಿಸಿಲಿರುವ ದಿನ ನೋಡಿ ಮಾದರಿ ತೆಗೆದವರಿಗೆ ಹೊಳೆ ಸದಾ ಶುದ್ಧವಾಗಿಯೇ ಕಾಣುತ್ತದೆ.

ನೈಟ್ರೇಟಿನ ದಾರಿ ನೆಲದಡಿಯದು. ಬೆಳೆ ಉಂಡು ಮಿಕ್ಕ ಯೂರಿಯಾ, ಹಟ್ಟಿಗೊಬ್ಬರ, ಮಲದಗುಂಡಿಯ ದ್ರವ ಇವುಗಳ ಸಾರಜನಕ ಕರಗಿ ಕೆಳಗಿಳಿದು ಅಂತರ್ಜಲ ಸೇರುತ್ತದೆ, ಅಲ್ಲಿಂದ ತೀರ ನಿಧಾನವಾಗಿ ಹೊಳೆಯ ತಳಕ್ಕೆ ಒಸರುತ್ತದೆ. ಹೊಳೆಯ ಹತ್ತಿರ ಇಂಗಿದ ನೀರಿಗೆ ಕೆಲವು ತಿಂಗಳು ಸಾಕು. ದೂರದ ದಿಬ್ಬದಲ್ಲಿ ಇಂಗಿದ್ದಕ್ಕೆ ಹಲವು ದಶಕ ಬೇಕಾಗಬಹುದು. ಚೆಸಪೀಕ್ ಪ್ರದೇಶದ ಹೊಳೆಗಳಿಗೆ ಒಸರುವ ಅಂತರ್ಜಲದ ವಯಸ್ಸು ಅಳೆದಾಗ ವರ್ಷದೊಳಗಿನದ್ದೂ ಸಿಕ್ಕಿದೆ, 50 ವರ್ಷ ದಾಟಿದ್ದೂ ಸಿಕ್ಕಿದೆ. ಈ ಹೊತ್ತು ಅಲ್ಲಿನ ರೈತ ಗೊಬ್ಬರ ಅರ್ಧಕ್ಕೆ ಇಳಿಸಿದರೂ ಅವನ ಹೊಲದ ಅಂಚಿನ ಹಳ್ಳ ಅವನ ತಂದೆಯ ಕಾಲದ ಗೊಬ್ಬರವನ್ನೇ ಸುರಿಯುತ್ತಿರುತ್ತದೆ. ನದಿ ಸುಧಾರಣೆಗೆ ಹಣ ಕೊಟ್ಟವರು ಮೂರು ವರ್ಷಕ್ಕೆ ಫಲಿತಾಂಶ ಕೇಳಿದಾಗ ಆಗುವ ಮುಜುಗರದ ಮೂಲ ಇದು.

ಪಟ್ಟಣದ ಗಡಿಯಾರ ಇದಕ್ಕೆ ಪೂರ್ತಿ ತದ್ವಿರುದ್ಧ. ಅಲ್ಲಿ ಎಲ್ಲವೂ ನಿಮಿಷಗಳ ಲೆಕ್ಕ. ಚಾವಣಿ, ರಸ್ತೆ, ಪಾರ್ಕಿಂಗ್ ಜಾಗ ಯಾವುದರಲ್ಲೂ ನೀರು ಇಂಗುವುದಿಲ್ಲ. ಬಿದ್ದದ್ದೆಲ್ಲ ಚರಂಡಿ, ಚರಂಡಿಯಿಂದ ಹೊಳೆ. ಜಲಾನಯನದ ಸುಮಾರು ಹತ್ತನೇ ಒಂದು ಭಾಗ ಹೀಗೆ ಮುಚ್ಚಿಹೋದರೆ ಸಾಕು, ಕೊಳೆ ತಾಳದ ಹಳ್ಳದ ನಾಜೂಕು ಜೀವಿಗಳು ಕಣ್ಮರೆಯಾಗುವುದು ಎದ್ದು ಕಾಣತೊಡಗುತ್ತದೆ. ಕೆಲವು ಕಡೆ ಅದಕ್ಕೂ ಮುಂಚೆಯೇ. ಮಳೆ ಬಂದ ಕೂಡಲೇ ಹಳ್ಳ ಉಕ್ಕಿ ತನ್ನ ದಂಡೆಯನ್ನು ತಾನೇ ಕೊರೆಯುತ್ತದೆ. ಮಳೆ ನಿಂತ ವಾರಕ್ಕೆ ಒಣಗುತ್ತದೆ, ಏಕೆಂದರೆ ಬೇಸಿಗೆಗೆ ಒರತೆಯಾಗಬೇಕಿದ್ದ ನೀರು ಇಂಗಲೇ ಇಲ್ಲ.

ಆ ನೀರು ಹೊತ್ತು ತರುವುದಾದರೂ ಏನು? ಅಮೆರಿಕದ ವಾಯವ್ಯ ಮೂಲೆಯ ಪ್ಯೂಜೆಟ್ ಸೌಂಡ್ ಸುತ್ತಲಿನ ನಗರಗಳ ಹಳ್ಳಗಳಲ್ಲಿ ಮೊಟ್ಟೆಯಿಡಲು ಬಂದ ಕೋಹೊ ಸಾಲ್ಮನ್ ಮೀನುಗಳು ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಒದ್ದಾಡಿ ಸಾಯುತ್ತಿದ್ದವು. ಎಣ್ಣೆ, ಸೀಸ, ಕೀಟನಾಶಕ ಎಲ್ಲವನ್ನೂ ಶಂಕಿಸಿದರು, ಯಾವುದೂ ಹೊಂದಲಿಲ್ಲ. ಉತ್ತರ ಸಿಕ್ಕಿದ್ದು 2020ರ ಡಿಸೆಂಬರಿನಲ್ಲಿ. ಟೈರ್ ಬಿರುಕು ಬಿಡದಂತೆ ರಬ್ಬರಿಗೆ ಸೇರಿಸುವ ಒಂದು ರಾಸಾಯನಿಕ ಗಾಳಿಯ ಓಜೋನಿನೊಂದಿಗೆ ಬೆರೆತು ಹುಟ್ಟುವ ಹೊಸ ವಸ್ತು ಆ ಮೀನುಗಳನ್ನು ಕೊಲ್ಲುತ್ತಿತ್ತು. ಯಾರೂ ತಯಾರಿಸದ, ಯಾರೂ ಹೊಳೆಗೆ ಸುರಿಯದ ವಿಷ. ರಸ್ತೆಯ ಮೇಲೆ ಚಕ್ರ ಉರುಳಿದರೆ ಸಾಕಿತ್ತು.

ಎರಡು ನೀರು ಸೇರುವಲ್ಲಿ

ಇಷ್ಟೆಲ್ಲ ಹೊತ್ತ ಹೊಳೆ ಸಮುದ್ರಕ್ಕೆ ಹೋದರೆ ಕರಗಿ ಚದುರಿಹೋಗುವುದಿಲ್ಲವೇ ಎಂದು ಕೇಳಬಹುದು. ಅಳಿವೆ ಹಾಗೆ ಹೋಗಗೊಡುವುದಿಲ್ಲ. ಅದು ಹಿಡಿದಿಟ್ಟುಕೊಳ್ಳುವ ಜಾಗ.

ಸಿಹಿನೀರು ಹಗುರ, ಉಪ್ಪುನೀರು ಭಾರ. ಹೊಳೆಯ ನೀರು ಮೇಲಿಂದ ಕಡಲ ಕಡೆ ಜಾರಿದರೆ ಕಡಲ ನೀರು ಅಡಿಯಲ್ಲಿ ಒಳನಾಡಿನ ಕಡೆ ನುಗ್ಗುತ್ತದೆ. ತಳಕ್ಕೆ ಇಳಿದ ಕಣ ಹೊರಗೆ ಹೋಗುವ ಬದಲು ಅಡಿಯ ಹರಿವಿಗೆ ಸಿಕ್ಕಿ ಹಿಂದಕ್ಕೇ ಬರುತ್ತದೆ. ಇನ್ನು ನುಣ್ಣನೆಯ ಜೇಡಿ. ಸಿಹಿನೀರಿನಲ್ಲಿ ಅದರ ಕಣಗಳು ಒಂದನ್ನೊಂದು ತಳ್ಳುತ್ತ ತೇಲುತ್ತಿರುತ್ತವೆ, ಉಪ್ಪು ತಾಗಿದ ಕೂಡಲೇ ಆ ತಳ್ಳಾಟ ಅಡಗಿ ಮುದ್ದೆ ಮುದ್ದೆಯಾಗಿ ಮುಳುಗುತ್ತವೆ. ಅಳಿವೆಯಲ್ಲಿ ಇಷ್ಟೊಂದು ಕೆಸರು ಇರುವುದಕ್ಕೂ, ಅದರ ಮೇಲೆ ಕಾಂಡ್ಲಾ ಗಿಡ (ಮ್ಯಾಂಗ್ರೋವ್), ಜವುಗುಹುಲ್ಲು, ಏಡಿ, ಚಿಪ್ಪುಜೀವಿಗಳು, ಮರಿಮೀನುಗಳ ಸಂತೆ ನೆರೆಯುವುದಕ್ಕೂ ಕಾರಣ ಇದೇ. ಅಳಿವೆಯನ್ನು ಸಮೃದ್ಧ ಮಾಡಿದ ಗುಣವೇ ಅದನ್ನು ಕೊಳೆಯ ಬಲೆಯನ್ನಾಗಿಯೂ ಮಾಡಿದೆ.

ಇಲ್ಲಿ ರಂಜಕ ಒಂದು ಆಟ ಆಡುತ್ತದೆ. ಸಿಹಿನೀರಿನ ಕೆಸರಿನಲ್ಲಿ ಕಬ್ಬಿಣಕ್ಕೆ ಅಂಟಿ ತೆಪ್ಪಗಿದ್ದ ಅದು ಅಳಿವೆಗೆ ಬಂದಾಗ ಬಿಡುಗಡೆಯಾಗುತ್ತದೆ. ಕಡಲ ನೀರಿನಲ್ಲಿ ಸಲ್ಫೇಟ್ ಹೇರಳ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫೈಡ್ ಮಾಡುತ್ತವೆ, ಸಲ್ಫೈಡ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಹಿಡಿತ ತಪ್ಪಿದ ರಂಜಕ ನೀರಿಗೆ ಬರುತ್ತದೆ. ಕೆರೆ ಸರೋವರಗಳಲ್ಲಿ ಪಾಚಿಗೆ ಕಡಿವಾಣ ಸಾಮಾನ್ಯವಾಗಿ ರಂಜಕದ ಕೊರತೆ. ಉಪ್ಪುನೀರಿನ ಕಡೆ ಬಂದಂತೆ ಕಡಿವಾಣ ಸಾರಜನಕದ ಕೈಗೆ ಹೋಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಎರಡರಲ್ಲಿ ಒಂದನ್ನು ಮಾತ್ರ ತಡೆದು ಗೆದ್ದೆವೆಂದುಕೊಳ್ಳುವಂತಿಲ್ಲ. ಮೇಲ್ಗಡೆಯ ಸರೋವರಕ್ಕೆ ಮದ್ದಾದದ್ದು ಕೆಳಗಿನ ಅಳಿವೆಗೆ ಸಾಲದೆ ಹೋಗಬಹುದು.

ಗೊಬ್ಬರ ಹೆಚ್ಚಾದ ಅಳಿವೆಯಲ್ಲಿ ಮುಂದಿನದು ಹೀಗೆ ನಡೆಯುತ್ತದೆ. ಬೆಚ್ಚಗಿನ ದಿನಗಳಲ್ಲಿ ತೇಲುವ ಪಾಚಿ ಹುಲುಸಾಗಿ ಬೆಳೆಯುತ್ತದೆ. ಮೊದಲ ಪೆಟ್ಟು ತಳದ ಕಡಲಹುಲ್ಲಿಗೆ, ಅದಕ್ಕೆ ಬೆಳಕು ಸಿಗುವುದಿಲ್ಲ. ಹುಲ್ಲು ಸತ್ತರೆ ಅದರ ಬೇರು ಹಿಡಿದಿದ್ದ ಕೆಸರು ಸಡಿಲಾಗಿ ನೀರು ಇನ್ನಷ್ಟು ರಾಡಿ, ಉಳಿದ ಹುಲ್ಲಿಗೆ ಬೆಳಕು ಇನ್ನಷ್ಟು ಕಡಿಮೆ. ಪಾಚಿ ತಾನೂ ಹೆಚ್ಚು ದಿನ ಬದುಕುವುದಿಲ್ಲ. ಸತ್ತು ತಳಕ್ಕಿಳಿದಾಗ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ಗಾಳಿಯಿಂದ ಹೊಸ ಆಮ್ಲಜನಕ ಇಳಿಯಬೇಕೆಂದರೆ ಮೇಲೆ ಹಗುರವಾದ ಸಿಹಿನೀರಿನ ಮುಚ್ಚಳ. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಈಜಬಲ್ಲ ಮೀನು ಓಡಿಹೋಗುತ್ತದೆ, ಕಚ್ಚಿಕೊಂಡು ಕೂತ ಸಿಂಪಿ, ಕೆಸರಿನ ಹುಳು ಸಾಯುತ್ತವೆ.

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ಇನ್ನೊಂದು. ಆರೋಗ್ಯವಾಗಿರುವ ಕೆಸರು ಸಾರಜನಕವನ್ನು ಹೊರಹಾಕುವ ಕೆಲಸವನ್ನೂ ಮಾಡುತ್ತದೆ. ಮೇಲ್ಪದರದಲ್ಲಿ ಆಮ್ಲಜನಕ ಬಳಸಿ ಅಮೋನಿಯಾ ನೈಟ್ರೇಟ್ ಆಗುತ್ತದೆ, ತುಸು ಕೆಳಗೆ ಆಮ್ಲಜನಕವಿಲ್ಲದೆಡೆ ಆ ನೈಟ್ರೇಟ್ ಸಾರಜನಕ ಅನಿಲವಾಗಿ ಗಾಳಿಗೆ ಹೋಗುತ್ತದೆ. ಮೇಲ್ಪದರದ ಆಮ್ಲಜನಕವೇ ತೀರಿದರೆ ಮೊದಲ ಹೆಜ್ಜೆಯೇ ನಿಂತುಹೋಗಿ ಸಾರಜನಕ ನೀರಿನಲ್ಲೇ ಸುತ್ತುತ್ತದೆ, ಮತ್ತೆ ಪಾಚಿಗೆ ಊಟವಾಗುತ್ತದೆ. ಅಳಿವೆ ಕೆಡುವುದರ ಜೊತೆಗೆ ತನ್ನನ್ನು ಗುಣಪಡಿಸಿಕೊಳ್ಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಇಂಥ ಉಸಿರುಗಟ್ಟಿದ ಕರಾವಳಿ ನೀರುಗಳ 2008ರ ಪಟ್ಟಿಯೊಂದರಲ್ಲಿ ಜಗತ್ತಿನ 400ಕ್ಕೂ ಹೆಚ್ಚು ಕಡೆಗಳಿದ್ದವು. ಮಿಸಿಸಿಪಿ ನದಿ ಸೇರುವ ಮೆಕ್ಸಿಕೋ ಕೊಲ್ಲಿಯಲ್ಲಿ 2017ರ ಬೇಸಿಗೆಯಲ್ಲಿ ಇಂಥ ನೀರಿನ ಅಳತೆ 22,730 ಚದರ ಕಿಲೋಮೀಟರ್. ಪ್ರತಿ ಬೇಸಿಗೆಯ ಅಳತೆ ಎಷ್ಟಾಗಬಹುದೆಂದು ಅಂದಾಜಿಸಲು ತಜ್ಞರು ನೋಡುವುದು ಕಡಲನ್ನಲ್ಲ, ಮೇ ತಿಂಗಳಲ್ಲಿ ನದಿ ಹೊತ್ತು ತಂದ ನೈಟ್ರೇಟನ್ನು.

ಕಡಿಮೆ ಬಂದರೂ ಕಷ್ಟ

ಹಾಗೆಂದು ನೆಲದಿಂದ ಏನೂ ಬರದಿದ್ದರೆ ಅಳಿವೆ ಸುಖವಾಗಿರುತ್ತದೆಯೇ? ನೈಲ್ ನದಿಯ ಕಥೆ ಬೇರೆಯೇ ಹೇಳುತ್ತದೆ. ಅಸ್ವಾನ್ ಹಿರಿಯ ಅಣೆಕಟ್ಟು 1960ರ ದಶಕದ ನಡುವೆ ನೆರೆಯನ್ನು ತಡೆಹಿಡಿಯತೊಡಗಿದ ಮೇಲೆ, ನೆರೆಯ ಮೆಕ್ಕಲನ್ನು ನಂಬಿದ್ದ ಮುಖಜ ಪ್ರದೇಶದ ಕಡಲು ಬಡವಾಯಿತು. 1962ರಲ್ಲಿ ಸುಮಾರು 18,000 ಟನ್ ಸಿಕ್ಕಿದ್ದ ಸಾರ್ಡೀನ್ ಜಾತಿಯ ಮೀನು ಆ ದಶಕ ಮುಗಿಯುವ ಹೊತ್ತಿಗೆ ಸಾವಿರ ಟನ್ನಿಗೂ ಕೆಳಗಿಳಿಯಿತು. 1980ರ ದಶಕದಲ್ಲಿ ಮೀನುಗಾರಿಕೆ ಮತ್ತೆ ಚಿಗುರಿತು. ಅದಕ್ಕೆ ಬಹುಪಾಲು ಕಾರಣ ಈಜಿಪ್ಟಿನ ಹೊಲಗಳ ರಸಗೊಬ್ಬರ ಮತ್ತು ನಗರಗಳ ಕೊಳಚೆನೀರು, ಅಂದರೆ ನದಿ ಕೊಡುತ್ತಿದ್ದುದನ್ನು ಚರಂಡಿ ಕೊಡತೊಡಗಿತು ಎಂದು ಸ್ಕಾಟ್ ನಿಕ್ಸನ್ ಎಂಬ ಸಾಗರ ವಿಜ್ಞಾನಿ ವಾದಿಸಿದರು. ಶುದ್ಧ, ಅಶುದ್ಧ ಎಂಬ ಎರಡೇ ಪೆಟ್ಟಿಗೆ ಇಟ್ಟುಕೊಂಡವರಿಗೆ ಈ ಸಂಗತಿ ತಲೆನೋವು.

ಎಲ್ಲಿ ತಡೆಯುವುದು

ತಡೆಯುವ ಉಪಾಯಗಳಲ್ಲಿ ಹೆಚ್ಚು ಕೇಳಿಬರುವುದು ಹೊಳೆಯಂಚಿನ ಹಸಿರು ಪಟ್ಟಿ. ಮರ, ಪೊದೆ, ಹುಲ್ಲು ಬೆಳೆದ ದಂಡೆ ಓಡುವ ನೀರನ್ನು ನಿಧಾನಗೊಳಿಸಿ ಮಣ್ಣನ್ನೂ ಅದರ ಬೆನ್ನೇರಿದ ರಂಜಕವನ್ನೂ ಇಳಿಸಿಕೊಳ್ಳುತ್ತದೆ. ಅಂತರ್ಜಲ ಆ ಬೇರುಗಳ ಮಟ್ಟದಲ್ಲಿ ಹಾದುಹೋದರೆ ನೈಟ್ರೇಟೂ ಅಲ್ಲೇ ಅನಿಲವಾಗಿ ತೊಲಗುತ್ತದೆ. ಆದರೆ ಎಷ್ಟೋ ಕಡೆ, ಮುಖ್ಯವಾಗಿ ಮಿಸಿಸಿಪಿ ಬಯಲಿನ ಮೆಕ್ಕೆಜೋಳದ ಸೀಮೆಯಲ್ಲಿ, ಜವುಗು ನೆಲ ಒಣಗಿಸಲು ಹೊಲದಡಿಯಲ್ಲಿ ಬಸಿಗೊಳವೆ ಹೂತಿರುತ್ತಾರೆ. ನೈಟ್ರೇಟ್ ತುಂಬಿದ ನೀರು ಹಸಿರು ಪಟ್ಟಿಯ ಅಡಿಯಿಂದ ನುಸುಳಿ ನೇರ ಹಳ್ಳಕ್ಕೆ ಬೀಳುತ್ತದೆ. ಮೇಲೆ ನಿಂತು ನೋಡಿದರೆ ದಂಡೆ ಹಚ್ಚಹಸಿರು. ಅಂಥಲ್ಲಿ ಬೇಕಾದದ್ದು ಕೊಳವೆಯ ಬಾಯಲ್ಲೊಂದು ಜೌಗು, ಅಥವಾ ಬೆಳೆ ಇಲ್ಲದ ತಿಂಗಳುಗಳಲ್ಲೂ ನೈಟ್ರೇಟ್ ಉಣ್ಣುವ ಹೊದಿಕೆ ಬೆಳೆ. ದಾರಿ ತಿಳಿಯದೆ ಬೇಲಿ ಹಾಕಿದರೆ ಹೀಗೇ ಆಗುವುದು.

ಬೇಗ ಫಲ ಕೊಡುವುದು ನಗರ, ಕಾರ್ಖಾನೆಗಳ ಕೊಳವೆಯ ತುದಿಯಲ್ಲೇ ಕೊಳೆಯನ್ನು ಹಿಡಿಯುವುದು. ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ 1980ರ ಆಸುಪಾಸಿನಿಂದ ಕೊಳಚೆ ಶುದ್ಧೀಕರಣ ಘಟಕಗಳು ಸಾರಜನಕವನ್ನೂ ತೆಗೆಯತೊಡಗಿದವು, ಆಮೇಲೆ ಕಾರ್ಖಾನೆ ಮತ್ತು ಮಳೆನೀರಿನ ಕಡೆಗೂ ಗಮನ ಹೋಯಿತು. ಸುತ್ತಲಿನ ಜನಸಂಖ್ಯೆ ಏರುತ್ತಲೇ ಇತ್ತು, ಆದರೂ ನೀರು ತಿಳಿಯಾಯಿತು. 1980ರ ದಶಕದ ಆರಂಭದಲ್ಲಿ 8,700 ಹೆಕ್ಟೇರಿನಷ್ಟಿದ್ದ ಕಡಲಹುಲ್ಲು 2016ರ ಹೊತ್ತಿಗೆ 16,000 ಹೆಕ್ಟೇರ್ ದಾಟಿತು. ಆಮೇಲೆ ಮತ್ತೆ ಇಳಿಮುಖವಾದದ್ದೂ ನಿಜ. ಚೆಸಪೀಕ್‌ನಲ್ಲಿ ಕೊಳವೆಗಿಂತ ಹೊಲದ ಪಾಲು ದೊಡ್ಡದು, ಅಂತರ್ಜಲದ ಗಡಿಯಾರ ನಿಧಾನ. ಅಲ್ಲಿ 2010ರಲ್ಲಿ ಸಾರಜನಕ, ರಂಜಕ, ಹೂಳು ಮೂರಕ್ಕೂ ಕಾನೂನಿನ ಮಿತಿ ಹೇರಿ 2025ರ ಗಡುವು ಇಟ್ಟರು. ಶುದ್ಧೀಕರಣ ಘಟಕಗಳು ತಮ್ಮ ಪಾಲನ್ನು ಬಹುಮಟ್ಟಿಗೆ ಮುಗಿಸಿದವು, ಹೊಲಗಳ ಪಾಲು ಹಿಂದೆ ಬಿತ್ತು.

ಇನ್ನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ. ಅದರ ಸುತ್ತಲಿನ ಮೂವತ್ತಕ್ಕೂ ಹೆಚ್ಚು ಶುದ್ಧೀಕರಣ ಘಟಕಗಳಿಂದ ಸಾರಜನಕ ದಶಕಗಳಿಂದ ನೀರಿಗೆ ಸೇರುತ್ತಿತ್ತು. ಆದರೂ ಅಲ್ಲಿ ಪಾಚಿಯ ಕಾಟ ಅಷ್ಟಾಗಿ ಇರಲಿಲ್ಲ. ಗಣಿಯ ಕೆಸರು ಬೆಳಕನ್ನೇ ತಡೆದಿತ್ತು, ಉಣ್ಣಲು ಬೇಕಾದಷ್ಟಿದ್ದರೂ ಪಾಚಿಗೆ ಬಿಸಿಲಿರಲಿಲ್ಲ. ಕೆಸರು ಇಳಿದು ಎರಡು ದಶಕ ಕಳೆದ ಮೇಲೆ, 2022ರ ಆಗಸ್ಟಿನಲ್ಲಿ, ಕೊಲ್ಲಿಯ ನೀರು ಚಹಾದ ಬಣ್ಣಕ್ಕೆ ತಿರುಗಿತು. ಪಾಚಿ ಉಕ್ಕಿ, ಸ್ಟರ್ಜನ್ ಸೇರಿದಂತೆ ಅಪಾರ ಮೀನು ಸತ್ತು ದಡಕ್ಕೆ ಬಂದಿತು. 2024ರಲ್ಲಿ ಆ ಘಟಕಗಳಿಗೆ ಹತ್ತು ವರ್ಷಗಳಲ್ಲಿ ಸಾರಜನಕವನ್ನು 40 ಪ್ರತಿಶತ ಇಳಿಸುವ ಆದೇಶ ಬಂದಿದೆ. ಜೊತೆಗೆ, ಏರುತ್ತಿರುವ ಕಡಲಿಗೆ ಸರಿಯಾಗಿ ಅಲ್ಲಿನ ಜೌಗುಗಳನ್ನು ಎತ್ತರಿಸಲು ಬೇಕಾದಷ್ಟು ಹೂಳು ಈಗ ಹೊಳೆಗಳಿಂದ ಬರುತ್ತಿಲ್ಲ. ಹಡಗಿನ ಕಾಲುವೆಗಳಿಂದ ಎತ್ತಿದ ಕೆಸರನ್ನು ತಂದು ಸುರಿಯುತ್ತಿದ್ದಾರೆ. ಒಂದು ಕಾಲಕ್ಕೆ ರೈತರು ಬೇಡವೆಂದು ಕೋರ್ಟಿಗೆ ಹೋಗಿದ್ದ ಮಣ್ಣಿಗೇ ಈಗ ಕೊರತೆ. ಚಿನ್ನ ಹಿಡಿಯಲೆಂದು ಅಂದು ಬೆರೆಸಿದ್ದ ಪಾದರಸದ ಒಂದಿಷ್ಟು ಅಂಶ ಆ ಕೊಲ್ಲಿಯ ಕೆಸರಿನಲ್ಲಿ ಇನ್ನೂ ಇದೆ.